ಗಾಳಿ ತೊಳೆದ ವರ್ಷ

ಸೆರಂಗೂನಿನ ಆ ಬಾಡಿಗೆ ಮನೆಯಲ್ಲಿ ಮೆಟ್ಟಿಲ ಕೆಳಗೆ ಒಂದು ಸ್ಟೋರ್ ರೂಮ್ ಇತ್ತು. ಬಾಗಿಲು ತೆಗೆದರೆ ಎದುರಿಗೇ ಬೀರುವಿನಷ್ಟು ಎತ್ತರದ ತಗಡಿನ ಪೆಟ್ಟಿಗೆ. ಇಡೀ ಮನೆಯ ಏಸಿಯ ಗಾಳಿ ಅದರೊಳಗಿಂದ ಹಾದು, ಸೂರಿನೊಳಗೆ ಅಡಗಿದ ಕೊಳವೆಗಳಲ್ಲಿ ಎಲ್ಲ ಕೋಣೆಗಳಿಗೂ ಹೋಗುತ್ತಿತ್ತು. ಸಿಂಗಪುರದಲ್ಲಿ ಇಂಥ ಮನೆಗಳು ಕಡಿಮೆ. ನಾನು ಕಂಡ ಮನೆಗಳಲ್ಲೆಲ್ಲ ಕೋಣೆಗೊಂದು ಏಸಿ ಗೋಡೆಗೆ ನೇತುಬಿದ್ದಿರುತ್ತಿತ್ತು. ನಮ್ಮ ಮನೆಯ ಓನರ್ ಬಹಳ ವರ್ಷ ಪರದೇಶದಲ್ಲಿದ್ದು ಬಂದವರಂತೆ, ಅಲ್ಲಿಯ ರೂಢಿ ಬಿಡಲಾಗದೆ ಇದನ್ನು ಹಾಕಿಸಿದ್ದರಂತೆ. ಮನೆ ತೋರಿಸಲು ಬಂದ ಏಜೆಂಟ್ ದೊಡ್ಡ ಪೆಟ್ಟಿಗೆಗೆ ಅಂಟಿಕೊಂಡಿದ್ದ ಚಿಕ್ಕ ಪೆಟ್ಟಿಗೆಯೊಂದನ್ನು ತೋರಿಸಿ, ಇದು ಎಲೆಕ್ಟ್ರಾನಿಕ್ ಏರ್ ಕ್ಲೀನರ್, ಯಾರೂ ಉಪಯೋಗಿಸಿಲ್ಲ, ನೀವೂ ತಲೆ ಕೆಡಿಸಿಕೊಳ್ಳಬೇಡಿ ಎಂದರು. ಅಷ್ಟು ಹೇಳಿದ್ದೇ ಸಾಕಾಯಿತು. ನನ್ನ ಗಂಡ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ಅದರ ಬಾಗಿಲು ಬಿಚ್ಚಿದರು. ಅಡುಗೆಮನೆ ನೋಡಲು ನಾನು ಎರಡು ಸಲ ಕರೆದರೂ ಏಳಲಿಲ್ಲ. ಆ ಪೆಟ್ಟಿಗೆಗೋಸ್ಕರವೇ ನಾವು ಆ ಮನೆ ಹಿಡಿದೆವು ಎಂದು ಆಮೇಲೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದೆ.

ಅವರು ಸೆಲೆಟಾರ್ ವಿಮಾನ ನಿಲ್ದಾಣದಲ್ಲಿ ವಿಮಾನ ರಿಪೇರಿಯ ಎಂಜಿನಿಯರ್. ಮಿಕ್ಸಿ ಕೆಟ್ಟರೆ ನನಗೆ ಕಷ್ಟ, ಅವರಿಗೆ ಹಬ್ಬ. ಊಟದ ಟೇಬಲ್ ಮೇಲೆ ಪೇಪರ್ ಹಾಸಿ, ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಸಾಲಾಗಿ ಇಟ್ಟುಕೊಂಡು ಕೂತರೆ ಆ ಹೊತ್ತು ನಮಗೆ ನೆಲದ ಮೇಲೆ ಊಟ. ಆ ಏರ್ ಕ್ಲೀನರನ್ನೂ ಹಾಗೆಯೇ ಬಿಚ್ಚಿ ಹರಡಿ, ನನ್ನನ್ನೂ ಮಗಳನ್ನೂ ಎದುರಿಗೆ ಕೂರಿಸಿಕೊಂಡು ಪಾಠ ಮಾಡಿದರು. ಮುಂದುಗಡೆ ಒಂದು ಜಾಲರಿ. ಕೂದಲು, ಹತ್ತಿಯ ಎಳೆ ಅಲ್ಲೇ ನಿಲ್ಲುತ್ತದೆ. ಅದರ ಹಿಂದೆ ಎರಡು ಭಾರದ ಚೌಕಟ್ಟುಗಳು, ಅವಕ್ಕೆ ಸೆಲ್ ಎನ್ನುತ್ತಾರೆ. ಸೆಲ್ಲಿನ ಬಾಯಲ್ಲಿ ತಲೆಗೂದಲಿನಂಥ ತಂತಿಗಳು. ಒಳಗೆ, ಪುಸ್ತಕದ ಪುಟಗಳನ್ನು ಬಿಡಿಬಿಡಿಯಾಗಿ ನಿಲ್ಲಿಸಿದ ಹಾಗೆ, ಒತ್ತೊತ್ತಾಗಿ ಅಲ್ಯೂಮಿನಿಯಂ ಹಾಳೆಗಳು.

“ಸ್ಕೂಲಲ್ಲಿ ಬಾಚಣಿಗೆ ತಲೆಗೆ ಉಜ್ಜಿ ಪೇಪರ್ ಚೂರು ಎತ್ತಿದೀಯ ತಾನೇ? ಅಷ್ಟೇ ಇದು. ಈ ತಂತಿ ಧೂಳಿಗೆ ಕರೆಂಟ್ ಹಚ್ಚುತ್ತೆ, ಈ ಹಾಳೆ ಎಳ್ಕೊಳುತ್ತೆ.”

“ಎಳ್ಕೊಂಡಿದ್ದು ಎಲ್ಲಿ ಹೋಗುತ್ತೆ?” ಎಂದೆ.

“ಎಲ್ಲೂ ಹೋಗಲ್ಲ. ಅಲ್ಲೇ ಇರುತ್ತೆ. ನೀನು ತೊಳಿಯೋವರ್ಗೂ.”

“ನಾನಾ?”

“ಮತ್ತಿನ್ಯಾರು, ನಿಮ್ಮತ್ತೇನಾ?”

ಆಗ ತೊಳೆಯುತ್ತಿದ್ದವರು ಅವರೇ. ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ ಹಿತ್ತಲಿನಲ್ಲಿ ಬಟ್ಟೆಯ ಟಬ್ಬಿಗೆ ಬಿಸಿನೀರು, ಸೋಪಿನ ಪುಡಿ ಹಾಕಿ ಸೆಲ್ಲುಗಳನ್ನು ಮುಳುಗಿಸಿಟ್ಟು, ಕಾಫಿ ಕುಡಿದು ಬಂದು ಪೈಪಿನಿಂದ ನೀರು ಬಿಡುವರು. ಚೆನ್ನಾಗಿ ಒಣಗಿಸಿ ಒಳಗೆ ತಳ್ಳಿ ಸ್ವಿಚ್ ಹಾಕಿದರೆ ಹಸಿರು ದೀಪ ಹತ್ತಬೇಕು. ಪಕ್ಕದ ಗುಂಡಿ ಒತ್ತಿದರೆ ಒಳಗಿನಿಂದ ಚಟ್ ಎನ್ನಬೇಕು, ಕಾದ ಎಣ್ಣೆಗೆ ಒಂದೇ ಒಂದು ಸಾಸಿವೆ ಬಿದ್ದ ಹಾಗೆ. ಆ ಒಂದು ಚಟ್ ಕೇಳಿದರೆ ಅವರ ಭಾನುವಾರ ಸಾರ್ಥಕ.

ಕೆಮ್ಮು ಬಂದದ್ದು ಆ ಮನೆಗೆ ಹೋದ ಎರಡನೆಯ ವರ್ಷ. ಒಣ ಕೆಮ್ಮು, ಕಫವಿಲ್ಲ, ಜ್ವರವಿಲ್ಲ. ಮೆಣಸಿನ ಕಷಾಯ ಮಾಡಿಕೊಟ್ಟೆ, ಕುಡಿದರು. ಆಮೇಲೆ ಒಂದು ದಿನ ಎಂ.ಆರ್.ಟಿ. ರೈಲು ಸ್ಟೇಷನ್ನಿನ ಮೆಟ್ಟಿಲಲ್ಲಿ ಅರ್ಧಕ್ಕೆ ನಿಂತು, ಫೋನ್ ನೋಡುವವರಂತೆ ನಟಿಸಿದರು. ನಾನು ನಾಲ್ಕು ಮೆಟ್ಟಿಲು ಮೇಲೆ ನಿಂತು ಕಾಯುತ್ತಿದ್ದೆ. ಫೋನಿನ ಪರದೆ ಕಪ್ಪಗಿತ್ತು.

ಶ್ವಾಸಕೋಶದ ಡಾಕ್ಟರ್ ಚಿಕ್ಕ ಪ್ರಾಯದ ಚೀನೀ ಹೆಣ್ಣುಮಗಳು. ಸ್ಕ್ಯಾನ್ ತೋರಿಸಿ, ಸ್ಪಂಜಿನಂತಿರಬೇಕಾದದ್ದು ಗಟ್ಟಿಯಾಗುತ್ತಿದೆ ಎಂದರು. ನನ್ನ ಕಣ್ಣಿಗೆ ಅದು ಬಲಿತು ಒಣಗಿದ ಹೀರೇಕಾಯಿಯ ಒಳಗಿನ ನಾರಿನಂತೆಯೇ ಕಂಡಿತು, ನಮ್ಮ ಮೈಸೂರಿನ ಮನೆಯ ಬಚ್ಚಲಲ್ಲಿ ಬೆನ್ನುಜ್ಜಲು ಇಟ್ಟಿರುತ್ತಿದ್ದ ನಾರು. ಏಕೆ ಹೀಗಾಯಿತೆಂದು ಖಚಿತವಾಗಿ ಹೇಳಲಾಗದು, ಹಿಂದಕ್ಕೆ ತರಲಾಗದು, ನಿಧಾನ ಮಾಡಬಹುದು ಎಂದರು. ಆ ವರ್ಷವೇ ನನ್ನ ಗಂಡ ಕೆಲಸ ಬಿಡಬೇಕಾಯಿತು. ಒಮ್ಮೆ ವಾರ್ಡಿನಲ್ಲಿ ಮಲಗಿ ಬಂದರು. ಹಾಸಿಗೆಯ ಸುತ್ತ ಎಳೆಯುವ ಪರದೆ, ಪಕ್ಕದ ಹಾಸಿಗೆಯಲ್ಲಿ ರಾತ್ರಿಯೆಲ್ಲ ಹೆಸರು ಹಿಡಿದು ಯಾರನ್ನೋ ಕರೆಯುತ್ತಿದ್ದ ಮುದುಕರು, ಇವನ್ನು ಅವರು ಮರೆಯಲಿಲ್ಲ. ಮನೆಗೆ ಬಂದ ಸಂಜೆ ಸೋಫಾದಲ್ಲಿ ಕೂತು, ಮೂಗಿನ ಆಕ್ಸಿಜನ್ ಕೊಳವೆ ಸರಿಮಾಡಿಕೊಳ್ಳುತ್ತಾ ಹೇಳಿದರು.

“ನೋಡೇ, ಇನ್ನೊಂದ್ಸಲ ಅಲ್ಲಿಗೆ ಬೇಡ. ಏನಾಗ್ಬೇಕೋ ಇಲ್ಲೇ ಆಗ್ಲಿ.”

“ಏನೂ ಆಗಲ್ಲ ಸುಮ್ನಿರಿ.”

“ಆಗಲ್ಲ ಅಂತ್ಲೇ ಇಟ್ಕೋ. ಆದ್ರೂ ಇಲ್ಲೇ.”

ಇದನ್ನೇ ಡಾಕ್ಟರಿಗೆ ಹೇಳಿದಾಗ ಅವರು ಒಪ್ಪಿದರು. ಮನೆಯಲ್ಲಿರಲಿ, ಆಕ್ಸಿಜನ್ ಯಂತ್ರ ಹೇಗೂ ಮನೆಯಲ್ಲಿದೆ, ಆದರೆ ಮನೆಯ ಗಾಳಿ ಚೊಕ್ಕಟವಾಗಿರಬೇಕು. ಧೂಳು, ಊದುಬತ್ತಿ, ಒಗ್ಗರಣೆಯ ಹೊಗೆ ಯಾವುದೂ ಕೂಡದು. ಒಂದು ಸೋಂಕು ತಗುಲಿದರೆ ಮತ್ತೆ ವಾರ್ಡಿಗೇ ಬರಬೇಕಾಗುತ್ತದೆ. ಇವರು ಎದೆಯುಬ್ಬಿಸಿ ನಮ್ಮ ಏರ್ ಕ್ಲೀನರ್ ವಿಷಯ ಹೇಳಿಕೊಂಡರು. ಆಕೆ ಕೇಳಿಸಿಕೊಂಡು, ಅದು ಔಷಧಿಯಲ್ಲ, ಆದರೆ ಇರಲಿ. ಕೊಳೆ ಕಟ್ಟಿದರೆ ಅದೇ ಘಾಟು ಬಿಡುತ್ತದೆ, ಹಾಗಾಗಲು ಬಿಡಬೇಡಿ ಎಂದು ನನ್ನ ಮುಖ ನೋಡಿದರು. ಅಂದಿನಿಂದ ನನ್ನ ಕೆಲಸ ಏನೆಂದು ನನಗೆ ಗೊತ್ತಾಯಿತು. ಅವರು ಮನೆಯಲ್ಲಿ ಉಳಿಯುವುದು, ಬಿಡುವುದು ಆ ಪೆಟ್ಟಿಗೆಯ ಮೇಲೆ ನಿಂತಿದೆ ಎಂದು ನಂಬಿಬಿಟ್ಟೆ.

ಮನೆಯಲ್ಲಿದ್ದ ಊದುಬತ್ತಿ, ಕರ್ಪೂರ, ಲೋಬಾನವನ್ನೆಲ್ಲ ಒಂದು ಡಬ್ಬಿಗೆ ತುಂಬಿ ಸ್ನೇಹಿತೆಯೊಬ್ಬಳ ಮನೆಗೆ ಕೊಟ್ಟುಬಂದೆ. ಒಗ್ಗರಣೆಗೆ ಸಾಸಿವೆ ಹಾಕಿದ ಕೂಡಲೇ ತಟ್ಟೆ ಮುಚ್ಚುವುದು ಅಭ್ಯಾಸವಾಯಿತು. ಒಣಮೆಣಸಿನಕಾಯಿ ಹುರಿಯುವುದು ನಿಂತೇಹೋಯಿತು. ಪಕ್ಕದ ಮನೆಯ ಚೀನೀ ಆಂಟಿ ತಮ್ಮ ಪಂಚಾಂಗದ ಏಳನೆಯ ತಿಂಗಳಿನಲ್ಲಿ ಹಿರಿಯರಿಗೆಂದು ತಗಡಿನ ಡಬ್ಬದಲ್ಲಿ ಕಾಗದ ಸುಡುವವರು. ನಾನು ಏನೂ ಕೇಳಿರಲಿಲ್ಲ. ಬೇಲಿಯಾಚೆಯಿಂದ ಆಕ್ಸಿಜನ್ ಕೊಳವೆ ನೋಡಿದವರೇ ಆ ಡಬ್ಬವನ್ನು ದರದರ ಎಳೆದುಕೊಂಡು ರಸ್ತೆಯ ಆ ತುದಿಗೆ ಹೋಗಿ ಸುಟ್ಟರು.

ಸೆಲ್ ತೊಳೆಯುವುದನ್ನು ಅವರು ನನಗೆ ಕಲಿಸಿದ್ದು ವಿಮಾನ ನಿಲ್ಲಿಸಿ ರಿಪೇರಿ ಮಾಡುವ ತಮ್ಮ ಹ್ಯಾಂಗರಿನ ಪದ್ಧತಿಯಲ್ಲಿ. ಸ್ಟೋರ್ ರೂಮಿನ ಮುಂದೆ ಬೆತ್ತದ ಕುರ್ಚಿ ಹಾಕಿಸಿಕೊಂಡು, ಉದ್ದದ ಕೊಳವೆಯನ್ನು ಹಿಂದೆ ಎಳೆದುಕೊಂಡು ಬಂದು ಕೂರುವರು. ಅವರ ಕೆಲಸದಲ್ಲಿ ಮುಖ್ಯವಾದ ಭಾಗವನ್ನು ಒಬ್ಬರು ಜೋಡಿಸಿದರೆ ಇನ್ನೊಬ್ಬರು ಬಂದು ನೋಡಬೇಕು. ಜೋಡಿಸಿದವರೇ ಸರಿಯಿದೆ ಎನ್ನುವ ಹಾಗಿಲ್ಲ. ಮಾಡುವ ಪ್ರತಿಯೊಂದನ್ನೂ ಬಾಯಿಬಿಟ್ಟು ಹೇಳಿಯೇ ಮಾಡಬೇಕು.

“ಮೊದ್ಲು ಏನು?”

“ಸ್ವಿಚ್ ಆಫ್.”

“ತೋರ್ಸು.”

“ಅಯ್ಯೋ, ಆಫ್ ಮಾಡಿದೀನಿ ರೀ.”

“ಮಾಡಿದೀನಿ ಅನ್ಬೇಡ. ತೋರ್ಸು.”

ಸ್ವಿಚ್ಚಿನಿಂದ ಕೈ ತೆಗೆದು ತೋರಿಸಿದೆ.

“ತಕ್ಷಣ ಕೈ ಹಾಕ್ತೀಯಾ?”

“ಇಲ್ಲ. ಒಳಗೆ ಕರೆಂಟ್ ಉಳಿದಿರುತ್ತೆ. ಸ್ವಲ್ಪ ಹೊತ್ತು ಬಿಡ್ಬೇಕು.”

“ಗುಡ್. ಆಮೇಲೆ?”

“ಆಮೇಲೆ ನಿಮ್ಗೆ ಕಾಫಿ ಕೊಟ್ಟು ಬಾಯಿ ಮುಚ್ಚಿಸ್ಬೇಕು. ಇದೇನು ವಿಮಾನಾನಾ ರೀ? ಹಾರುತ್ತಾ ಇದು?”

“ಹಾರದೇ ಇದ್ರೇನು? ಒಳಗೆ ಪ್ಯಾಸೆಂಜರ್ ಇದಾನಲ್ಲ.”

ಹಾಗೆ ಹೇಳಿ ತಾವೇ ನಕ್ಕರು. ನಾನೂ ನಕ್ಕೆ. ಟಬ್ಬಿನ ಹತ್ತಿರ ಹೋಗಿ ಕೂತ ಮೇಲೆ ಆ ಮಾತು ಎದೆಗೆ ಬಂದು ಬಡಿಯಿತು.

ಸೆಲ್ಲಿನ ಪಕ್ಕದಲ್ಲಿ ಗಾಳಿ ಹೋಗುವ ದಿಕ್ಕಿಗೆ ಒಂದು ಬಾಣ ಕೊರೆದಿತ್ತು. ಹಿಂದುಮುಂದು ಹಾಕಿದರೆ ದೀಪವೇನೋ ಹತ್ತಬಹುದು, ಕೆಲಸ ಆಗುವುದಿಲ್ಲ. ತಂತಿಗಳನ್ನು ಒದ್ದೆ ಬಟ್ಟೆಯಲ್ಲಿ ಮಗುವಿನ ಕಣ್ಣೊರೆಸುವಷ್ಟು ಹಗುರಾಗಿ ಒರೆಸಬೇಕು, ಒಂದು ಕಡಿದರೂ ಇಡೀ ಸೆಲ್ ನಿಂತುಬಿಡುತ್ತದೆ. ಹಾಳೆಗಳ ನಡುವೆ ಒಂದು ಹನಿ ನೀರು ಉಳಿದಿದ್ದರೂ ಒಳಗೆ ಚಟಪಟ ಸಿಡಿದು ಆರುತ್ತದೆ. ಇದನ್ನೆಲ್ಲ ಅವರು ಕೇಳುವರು, ನಾನು ಹೇಳುವೆನು. ಮಗಳು ಜೂನಿಯರ್ ಕಾಲೇಜಿನಿಂದ ಬಂದವಳು ಬ್ಯಾಗನ್ನೂ ಇಳಿಸದೆ ನಮ್ಮಿಬ್ಬರನ್ನು ನೋಡಿ, “ಅಪ್ಪ, ಅಮ್ಮಂಗೆ ಲೈಸೆನ್ಸ್ ಕೊಟ್ಬಿಡಿ ಲಾ, ಪಾಪ,” ಎಂದು ಸಿಂಗಪುರದವರ ‘ಲಾ’ ಸೇರಿಸಿ ಹೇಳುವಳು. “ಇನ್ನೂ ಟ್ರೇನೀ ಕಣಮ್ಮಾ ಅವಳು,” ಎನ್ನುವರು ಇವರು.

ಎರಡು ಸಾವಿರದ ಹದಿನೈದರಲ್ಲಿ ಹೇಜ್ ಬಂತು. ಸಮುದ್ರದಾಚೆ ಸುಮಾತ್ರಾದ ಕಾಡು, ಜೌಗುನೆಲ ಉರಿದ ಹೊಗೆ ಹಿಂದೆಯೂ ಬರುತ್ತಿತ್ತು. ಆ ವರ್ಷ ಬಂದದ್ದು ಹೋಗಲೇ ಇಲ್ಲ. ಬೆಳಿಗ್ಗೆ ಎದ್ದರೆ ಎದುರು ಸಾಲಿನ ಮನೆಗಳು ಕಾಣುತ್ತಿರಲಿಲ್ಲ. ಮಧ್ಯಾಹ್ನದ ಸೂರ್ಯ ಕುಂಕುಮದ ಬೊಟ್ಟಿನಂತೆ, ಬರಿಗಣ್ಣಿನಲ್ಲಿ ನೋಡಬಹುದಾದಂತೆ ಇರುತ್ತಿದ್ದ. ಒಂದು ದಿನ ಶಾಲೆಗಳಿಗೇ ರಜೆ ಕೊಟ್ಟರು. ಎದ್ದ ಕೂಡಲೇ ಹಲ್ಲುಜ್ಜುವ ಮೊದಲು ಎಲ್ಲರೂ ಫೋನಿನಲ್ಲಿ ಗಾಳಿಯ ಅಂಕಿ ನೋಡುವುದೇ ಆಯಿತು. ನಾವು ಕಿಟಕಿಯ ಸಂದುಗಳಿಗೆ ಟೇಪ್ ಅಂಟಿಸಿದೆವು. ಬಾಗಿಲ ಕೆಳಗೆ ಒದ್ದೆ ಟವೆಲ್ ತುರುಕಿದೆವು. ಹೊರಗಿನಿಂದ ಬಂದ ಮಗಳು ಮೊದಲು ಸ್ನಾನ ಮಾಡಿ ಬಟ್ಟೆ ಬದಲಿಸಿಯೇ ಅಪ್ಪನ ಹತ್ತಿರ ಹೋಗಬೇಕು. ಏಸಿ ಹಗಲೂ ರಾತ್ರಿ ಓಡುತ್ತಿತ್ತು. ಸೂರಿನೊಳಗಿನಿಂದ ಬರುವ ಅದರ ಗುಂಯ್ ಶಬ್ದ ನಮ್ಮ ಕಿವಿಗೆ ಎಷ್ಟು ಒಗ್ಗಿತೆಂದರೆ ಅದು ಇದೆ ಎಂಬುದೇ ಮರೆತುಹೋಗಿತ್ತು.

ಮೊದಲು ತಿಂಗಳಿಗೊಮ್ಮೆ ತೊಳೆಯುತ್ತಿದ್ದದ್ದು ಈಗ ವಾರಕ್ಕೆ ಎರಡು ಸಲಕ್ಕೆ ಬಂತು. ಕೊಳೆ ಹೆಚ್ಚಾದರೆ ಪೆಟ್ಟಿಗೆ ತಾನೇ ತಾನಾಗಿ ಚಟಪಟ ಎನ್ನತೊಡಗುವುದು. ಅದೇ ನನಗೆ ಕರೆ. ಸೆಲ್ ತೆಗೆದಷ್ಟು ಹೊತ್ತು ಅವರನ್ನು ಮಲಗುವ ಕೋಣೆಗೆ ಕಳಿಸಿ, ಅಲ್ಲಿದ್ದ ಸಣ್ಣ ಪ್ಯೂರಿಫೈಯರ್ ಹಾಕಿ ಬಾಗಿಲು ಮುಚ್ಚುತ್ತಿದ್ದೆ. ಹಿತ್ತಲಿನಲ್ಲಿ ಒಣಗಿಸುವಂತಿಲ್ಲ, ಅಲ್ಲಿ ಒಣಗಿಸಿದರೆ ತೊಳೆದದ್ದೇ ದಂಡ. ಬಚ್ಚಲಿನಲ್ಲೇ ತೊಳೆದು, ಅಲ್ಲೇ ವಾಲಿಸಿ ನಿಲ್ಲಿಸಿ, ಟೇಬಲ್ ಫ್ಯಾನ್ ಹಚ್ಚುತ್ತಿದ್ದೆ.

ಆ ನೀರಿನ ಬಣ್ಣವನ್ನು ನಾನು ಮರೆತಿಲ್ಲ. ಸೋಪಿನ ನೀರಿಗೆ ಸೆಲ್ ಇಳಿಸಿದ ಕೂಡಲೇ ಹಾಳೆಗಳ ನಡುವಿನಿಂದ ಕಪ್ಪು ಎಳೆಎಳೆಯಾಗಿ ಇಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಇಡೀ ಟಬ್ ಇದ್ದಿಲು ಕದಡಿದ ಹಾಗೆ. ಮುಳುಗಿಸಿದ ನನ್ನ ಕೈ ನನಗೇ ಕಾಣುತ್ತಿರಲಿಲ್ಲ. ನಾನು ಅದನ್ನು ತಕ್ಷಣ ಚೆಲ್ಲುತ್ತಿರಲಿಲ್ಲ. ಸ್ಟೂಲ್ ಮೇಲೆ ಕೂತು ಒಂದಿಷ್ಟು ಹೊತ್ತು ನೋಡುತ್ತಿದ್ದೆ. ಇಷ್ಟೂ ಅವರ ಎದೆಗೆ ಹೋಗಬೇಕಾದದ್ದು, ಹೋಗಲಿಲ್ಲ. ಟಬ್ ಬಗ್ಗಿಸಿದಾಗ ಅದು ಬಚ್ಚಲ ತೂತಿನಲ್ಲಿ ಸುಳಿಯಾಗಿ ಇಳಿಯುವುದನ್ನು ಪೂರ್ತಿ ನೋಡದೆ ನನಗೆ ಸಮಾಧಾನವಾಗುತ್ತಿರಲಿಲ್ಲ. ದೇವರ ಮುಂದೆ ಕೂತರೂ ಸಿಗದ ನೆಮ್ಮದಿ ಆ ಕೊಳಕು ನೀರಿನಲ್ಲಿ ಸಿಗುತ್ತಿತ್ತು ಎಂದರೆ ಯಾರಾದರೂ ನಕ್ಕಾರು.

ಅಷ್ಟರಲ್ಲಿ ನವರಾತ್ರಿ ಬಂತು. ಪ್ರತಿ ವರ್ಷ ಆಯುಧಪೂಜೆಗೆ ಅವರು ತಮ್ಮ ಸ್ವಂತದ ಸ್ಪ್ಯಾನರ್, ಟಾರ್ಚ್, ಸಣ್ಣ ಕನ್ನಡಿಯ ಕಡ್ಡಿ ಎಲ್ಲವನ್ನೂ ಬ್ಯಾಗಿನಲ್ಲಿ ಮನೆಗೆ ತಂದು ಮಣೆಯ ಮೇಲೆ ಜೋಡಿಸಿ ಅರಿಸಿನ ಕುಂಕುಮ ಇಡುವುದು ವಾಡಿಕೆ. ಆ ವರ್ಷ ಬ್ಯಾಗನ್ನು ಅಟ್ಟದಿಂದ ಇಳಿಸಲೇ ಎಂದು ಕೇಳಿದೆ.

“ಬೇಡ ಬಿಡು. ಅವೆಲ್ಲ ರಿಟೈರ್ ಆದವು, ನನ್ ಥರಾನೇ. ಈ ವರ್ಷ ನಮ್ಮನೇಲಿ ದುಡೀತಿರೋದು ಯಾವ್ದು ಹೇಳು?”

ನನಗೆ ಹೊಳೆಯಲಿಲ್ಲ. ಅವರು ಸ್ಟೋರ್ ರೂಮಿನ ಕಡೆ ಗಲ್ಲ ಎತ್ತಿ ತೋರಿಸಿದರು.

ಬೆಳಿಗ್ಗೆಯೇ ಸೆಲ್ಲುಗಳನ್ನು ತೊಳೆದು ಒಣಗಿಸಿ, ರೇಷ್ಮೆಯ ತುಂಡು ಹಾಸಿದ ಮಣೆಯ ಮೇಲೆ ದೇವರ ಮುಂದೆ ಮಲಗಿಸಿದೆ. ತೊಳೆದ ಅಲ್ಯೂಮಿನಿಯಂ ಬೆಳ್ಳಿಯ ಸಾಮಾನಿನಂತೆ ಹೊಳೆಯುತ್ತಿತ್ತು. ಚೌಕಟ್ಟಿನ ನಾಲ್ಕು ಮೂಲೆಗೆ ಗಂಧದ ಬೊಟ್ಟು, ಮೇಲೊಂದು ಸೇವಂತಿಗೆ. ಬೆಂಕಿ ಮಾತ್ರ ಇಲ್ಲ. ಆಕ್ಸಿಜನ್ ಇದ್ದ ಕೋಣೆಯಲ್ಲಿ ದೀಪ ಹಚ್ಚುವಂತಿರಲಿಲ್ಲ. ಆರತಿ ಹೇಗೆ ಎಂದು ನಾನು ಯೋಚಿಸುತ್ತಿದ್ದಾಗ ಮಗಳು ತನ್ನ ಫೋನಿನ ಟಾರ್ಚ್ ಹೊತ್ತಿಸಿ ತಟ್ಟೆಯಲ್ಲಿಟ್ಟುಕೊಂಡು ಸುತ್ತಿಸತೊಡಗಿದಳು. ಇವರು ಕುರ್ಚಿಯಲ್ಲಿ ಕೂತೇ ಕೈಮುಗಿದು, “ಬ್ಯಾಟರಿ ಎಷ್ಟಿದೆ ನೋಡಮ್ಮಾ, ಮಂಗಳಾರತಿ ಅರ್ಧಕ್ಕೆ ನಿಂತ್ರೆ ಅಪಶಕುನ,” ಎಂದರು. ಆ ವರ್ಷವೆಲ್ಲ ನಮ್ಮ ಮನೆಯಲ್ಲಿ ಕೇಳಿದ ದೊಡ್ಡ ನಗು ಅದು.

ಆಮೇಲೆ ನಾನು ಅಕ್ಷತೆಯ ಬಟ್ಟಲು ಕೊಟ್ಟೆ. ಎರಡು ಕಾಳು ಹಾಕುತ್ತಾರೆ ಎಂದುಕೊಂಡೆ. ಅವರು ತಮ್ಮ ತಂದೆ ಹಾಕುತ್ತಿದ್ದ ರೀತಿಯಲ್ಲಿ, ಹಿಡಿ ತುಂಬ ತೆಗೆದುಕೊಂಡು, ಕಣ್ಣು ಮುಚ್ಚಿ, ಮೇಲೆತ್ತಿ ಸುರಿದುಬಿಟ್ಟರು. ಅರಿಸಿನದ ಹಸಿ ಇನ್ನೂ ಆರದ ಅಕ್ಕಿ ಟಿಣಿಟಿಣಿ ಎನ್ನುತ್ತಾ ಹಾಳೆಗಳ ಸಂದಿಗೆ ಇಳಿದುಹೋಯಿತು.

“ಅಪ್ಪಾ! ಕ್ಯಾನಾಟ್ ಲಾ! ಒಳಗೆ ಹೋಯ್ತು!”

ಅವರು ಕಣ್ಣು ಬಿಟ್ಟು ನೋಡಿದರು. ಒಂದು ಕ್ಷಣ ಅವರ ಮುಖ ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನದ್ದು.

“ಮೂವತ್ತು ವರ್ಷ ವಿಮಾನದ ಎಂಜಿನ್ ಒಳಗೆ ಒಂದು ವಾಷರ್ ಬೀಳ್ದಂಗೆ ಕಾದಿದೀನಿ ಕಣೇ,” ಎಂದರು. “ಈಗ ನೋಡು, ಅಕ್ಕಿ ಸುರ್ದಿದೀನಿ.”

ಚೌಕಟ್ಟನ್ನು ಬೋರಲು ಹಾಕಿ ಕೊಡವಿದೆವು. ಹಳದಿ ಅಕ್ಕಿ ಉದುರಿತು. ಎಲ್ಲ ಬಂತೆಂದುಕೊಂಡು ಒಳಗೆ ತಳ್ಳಿ ಸ್ವಿಚ್ ಹಾಕಿದರೆ ಚಟಪಟ ಚಟಪಟ, ದೀಪ ಹತ್ತಿ ಆರಿತು. ಮತ್ತೆ ತೆಗೆದೆವು. ಮಗಳು ಫೋನಿನ ಟಾರ್ಚ್ ಬಿಟ್ಟು ಒಂದೊಂದೇ ಸಂದಿಯಲ್ಲಿ ಕಣ್ಣಿಟ್ಟು ನೋಡಿದಳು. ಹಸಿ ಅರಿಸಿನದಿಂದ ಅಂಟಿಕೊಂಡ ಕಾಳುಗಳನ್ನು ತೆಳ್ಳಗಿನ ಬಿದಿರಿನ ಸಾತೇ ಕಡ್ಡಿಯಿಂದ ನೂಕಿ ನೂಕಿ ತೆಗೆದಳು. ಮಲಗುವ ಕೋಣೆಗೆ ಹೋಗಿ ಎಂದರೆ ಅವರು ಕೇಳಲಿಲ್ಲ. ಕುರ್ಚಿಯಿಂದಲೇ, ಎಡಗಡೆ ನೋಡು, ಆ ಮೂಲೆ ನೋಡು ಎನ್ನುತ್ತಾ ನಗುತ್ತಿದ್ದರು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ತುಟಿ ನೀಲಿಯಾಗುವುದನ್ನು ನೋಡಿ ನಾನು ಆಕ್ಸಿಜನ್ ಏರಿಸಲು ಓಡಿದೆ. ಮತ್ತೆ ಹಸಿರು ದೀಪ ಹತ್ತುವ ಹೊತ್ತಿಗೆ ಅವರು ಹಾಸಿಗೆಯ ಮೇಲಿದ್ದರು. ಸುಸ್ತಾಗಿತ್ತು, ಆದರೆ ಕಣ್ಣಿನಲ್ಲಿ ನಗು ಇತ್ತು.

ಅದಾಗಿ ಕೆಲವು ದಿನಕ್ಕೆ ಜ್ವರ ಬಂತು. ಆಂಬುಲೆನ್ಸ್ ಬಂದಾಗ ಸ್ಟ್ರೆಚರಿನ ಮೇಲಿಂದ ನನ್ನ ಕೈ ಹಿಡಿದು, “ಬೇಡ ಅಂದಿದ್ನಲ್ಲೇ,” ಎಂದರು. “ಎರಡು ದಿನ ಅಷ್ಟೇ ರೀ, ಬಂದ್ಬಿಡೋಣ,” ಎಂದೆ.

ಮಗಳು ಆಸ್ಪತ್ರೆಯ ಕಾರಿಡಾರಿನಲ್ಲಿ ಡಾಕ್ಟರನ್ನು ನಿಲ್ಲಿಸಿ ಕೇಳಿದಳು: ಪೂಜೆಯ ದಿನ ಅಷ್ಟು ಹೊತ್ತು ಕ್ಲೀನರ್ ಆಫ್ ಇತ್ತಲ್ಲ, ಅದರಿಂದಲಾ? ಡಾಕ್ಟರ್ ಅವಳನ್ನು ಪಕ್ಕದ ಬೆಂಚಿನಲ್ಲಿ ಕೂರಿಸಿಕೊಂಡು, ಅಲ್ಲ, ಇದು ಬೇರೆ ಸೋಂಕು, ಆ ಹೊತ್ತಿಗೂ ಇದಕ್ಕೂ ಸಂಬಂಧವಿಲ್ಲ ಎಂದು ನಿಧಾನವಾಗಿ ಹೇಳಿದರು. ಅವಳು ತಲೆಯಾಡಿಸಿದಳು. ಆಕೆ ಹೋದ ಮೇಲೆ ನನ್ನ ಹೆಗಲಿಗೆ ಮುಖ ಇಟ್ಟು, ಸುಮ್ಮನೆ, ಸದ್ದಿಲ್ಲದೆ ಅತ್ತಳು. ಅವಳು ಚಿಕ್ಕವಳಿದ್ದಾಗಲೂ ಹಾಗೆ ಅತ್ತವಳಲ್ಲ.

ಅವರಿಲ್ಲದ ಮನೆಯಲ್ಲಿ ನಾನು ಏಸಿ ನಿಲ್ಲಿಸಲಿಲ್ಲ. ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಸಂಜೆ ಬಂದು, ಸೆಲ್ ತೆಗೆದು ತೊಳೆಯುತ್ತಿದ್ದೆ. ಯಾವತ್ತು ಕಳಿಸಿದರೂ ಮನೆ ತಯಾರಿರಬೇಕು. ಮಗಳು ಬೆತ್ತದ ಕುರ್ಚಿಯಲ್ಲಿ ಕೂತು, “ಬಾಣ ಯಾವ ಕಡೆ ಇದೆ? ತೋರ್ಸಿ,” ಎನ್ನುತ್ತಿದ್ದಳು. ವಾರ್ಡಿನಲ್ಲಿ ಅವರು ಮಾಸ್ಕ್ ಸರಿಸಿ ದಿನವೂ ಕೇಳುವುದು ಒಂದೇ.

“ದೀಪ ಹಸಿರಾ?”

“ಹಸಿರು ರೀ.”

“ಹೇಜ್ ಹೋಯ್ತಾ?”

“ಇನ್ನೂ ಇದೆ. ನೀವು ಬರೋಷ್ಟರಲ್ಲಿ ಹೋಗುತ್ತೆ.”

ಹಾಗೆಯೇ ಆಯಿತು. ಗಾಳಿ ತಿರುಗಿತು, ಮಳೆ ಬಂತು, ಬಂದಮೇಲೆ ದಿನವೂ ಬಂತು. ಟಬ್ಬಿನ ನೀರು ಕಪ್ಪಿನಿಂದ ಬೂದಿಯ ಬಣ್ಣಕ್ಕೆ, ಅಲ್ಲಿಂದ ಅಕ್ಕಿ ತೊಳೆದ ನೀರಿನಷ್ಟು ತಿಳಿಗೆ ಬಂದ ದಿನ ಆ ಖುಷಿಯನ್ನು ಅವರಿಗೆ ಹೇಳಬೇಕೆಂದು ಆಸ್ಪತ್ರೆಗೆ ಹೋದೆ. ಡಾಕ್ಟರ್ ನನ್ನನ್ನು ಸಣ್ಣ ಕೋಣೆಗೆ ಕರೆದರು. ಟಿಶ್ಯೂ ಡಬ್ಬಿ ಮೊದಲೇ ಟೇಬಲ್ ಮೇಲಿತ್ತು. ಸೋಂಕು ಇಳಿದಿದೆ, ಆದರೆ ಶ್ವಾಸಕೋಶದಲ್ಲಿ ಇನ್ನು ಉಳಿದಿರುವುದು ಬಹಳ ಸ್ವಲ್ಪ ಎಂದರು. ಮನೆಗೆ ಹೋಗಬೇಕೆಂದು ಅವರೇ ಕೇಳುತ್ತಿದ್ದಾರೆ, ಕರೆದುಕೊಂಡು ಹೋಗಿ, ನರ್ಸ್ ಮನೆಗೆ ಬಂದು ನೋಡಿಕೊಳ್ಳುತ್ತಾರೆ, ನೋವಾಗದಂತೆ ಔಷಧಿ ಕೊಡುತ್ತೇವೆ ಎಂದರು. ಗುಣವಾಗಿ ಹೋಗುವವರನ್ನು ಕಳಿಸುವಾಗ ಆಡುವ ಮಾತಲ್ಲ ಅದು. ನಾನು ಹೂಂ ಎಂದೆ. ನಮ್ಮ ಮನೆಯ ಗಾಳಿ ಬಹಳ ಚೊಕ್ಕಟವಾಗಿದೆ ಡಾಕ್ಟರ್ ಎಂದೆ. ಆಕೆ ನನ್ನ ಕೈ ಹಿಡಿದುಕೊಂಡರು.

ಆಂಬುಲೆನ್ಸಿನವರು ಅವರನ್ನು ಹಾಲ್‌ನಲ್ಲಿ ಹಾಕಿದ ಹಾಸಿಗೆಗೆ ಇಳಿಸಿ ಹೋದಾಗ ಇಳಿಹೊತ್ತು. ಅಷ್ಟು ಹೊತ್ತಿಗೆ ಮಳೆ ನಿಂತು ಬಿಸಿಲು ಬಿದ್ದಿತ್ತು. ಕಿಟಕಿಯ ಗಾಜಿನಾಚೆ ಎದುರುಮನೆಯ ಮಾವಿನ ಮರದ ಎಲೆ ಎಲೆಯೂ ಕಾಣುತ್ತಿತ್ತು. ಆಕ್ಸಿಜನ್ ಯಂತ್ರವನ್ನು ಒಳಗಿನ ಪ್ಯಾಸೇಜಿನಲ್ಲಿಟ್ಟು ಉದ್ದದ ಕೊಳವೆ ಎಳೆದಿದ್ದೆವು. ಅವರು ಸುಮಾರು ಹೊತ್ತು ಕಣ್ಣು ಮುಚ್ಚಿದ್ದು, ಆಮೇಲೆ ತೆರೆದು ಕಿಟಕಿಯನ್ನೇ ನೋಡಿದರು.

“ಆ ಟೇಪ್ ಕೀಳು.”

“ಯಾಕ್ರೀ?”

“ಕಿಟಕಿ ತೆಗಿ. ಏಸಿ, ಕ್ಲೀನರ್ ಎಲ್ಲಾ ಆಫ್ ಮಾಡು.”

“ಬೇಡ ರೀ. ಈಗ ತಾನೇ ಸೆಲ್ ತೊಳ್ದು ಹಾಕಿದೀನಿ. ನೀವೇ ಹೇಳ್ತಿದ್ರಲ್ಲ...”

“ಹೇಳ್ತಿದ್ದೆ. ಹೊರಗಡೆ ಗಾಳಿ ಬೇಕು ಕಣೇ. ಪಕ್ಕದ್ಮನೆ ಆಂಟಿ ಏನೋ ಹುರೀತಿರ್ತಾರೆ ಈ ಹೊತ್ತಿಗೆ. ಮೂಗಿಗೆ ವಾಸನೆ ಬಿದ್ದು ಎಷ್ಟು ದಿನ ಆಯ್ತು.”

“ಕೆಮ್ಮು ಬರುತ್ತೆ.”

“ಬರ್ಲಿ ಬಿಡು.”

ನಾನು ಕದಲಲಿಲ್ಲ. ಅಳು ಬಂತು, ಸಿಟ್ಟೂ ಬಂತು. ಕಪ್ಪು ನೀರಿನಲ್ಲಿ ಕೈಯದ್ದಿ ಕೂತ ಆ ದಿನಗಳನ್ನೆಲ್ಲ ಈ ಮನುಷ್ಯ ಒಂದೇ ಮಾತಿನಲ್ಲಿ ಚೆಲ್ಲಿಬಿಡುತ್ತಿದ್ದಾರೆ ಎನಿಸಿತು. “ನಾನು ಆಫ್ ಮಾಡಲ್ಲ,” ಎಂದೆ. ಮಗುವಿನಂತೆ ಹೇಳಿದೆ. “ಯಾರಿಗೆ ಬೇಕಾದ್ರೂ ಹೇಳಿ, ನನ್ ಕೈಲಿ ಆಗಲ್ಲ.”

ಅವರು ಮಗಳಿಗೆ ಹೇಳಲಿಲ್ಲ. ನನ್ನನ್ನೇ ನೋಡುತ್ತಿದ್ದರು. ಉಸಿರು ಸಿಕ್ಕಷ್ಟಕ್ಕೆ ನಿಲ್ಲಿಸಿ ನಿಲ್ಲಿಸಿ ಹೇಳಿದರು.

“ನೀನು ತೊಳ್ದಿದ್ದಕ್ಕೇ... ಮನೆಗೆ ಬಂದೆ ಕಣೇ. ಬಂದಾಯ್ತಲ್ಲ.”

ಹೋಗಿ ಸ್ಟೋರ್ ರೂಮಿನ ಬಾಗಿಲು ತೆಗೆದೆ. ಹಸಿರು ದೀಪ ಉರಿಯುತ್ತಿತ್ತು. ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ. ಒತ್ತಿದೆ. ದೊಡ್ಡ ಪೆಟ್ಟಿಗೆಯನ್ನೂ ಆರಿಸಿದೆ. ಸೂರಿನೊಳಗಿನ ಗುಂಯ್ ಶಬ್ದ ಇಳಿಯುತ್ತಾ ಇಳಿಯುತ್ತಾ ನಿಂತಿತು. ಬಂದು ಟೇಪ್ ಕಿತ್ತೆ, ಕಿಟಕಿಗಳನ್ನು ತೆರೆದೆ. ಒದ್ದೆ ಹುಲ್ಲಿನ ವಾಸನೆ, ಬೆಳ್ಳುಳ್ಳಿ, ಒಣಮೀನಿನ ಘಾಟು ಒಟ್ಟಿಗೆ ಒಳಗೆ ಬಂದವು. ಎಲ್ಲೋ ಕೋಗಿಲೆ ಒಂದೇ ಸಮನೆ ಕೂಗುತ್ತಿತ್ತು.

“ಆಹಾ,” ಎಂದರು. “ಒಣಮೀನಾ? ಛೀ.” ನಕ್ಕರು.

ಆಗ ಕೇಳಿಸಿತು. ಒಣ ಎಲೆಗಳ ಮೇಲೆ ಯಾರೋ ನಡೆದಂತೆ ಚುರುಚುರು ಸದ್ದು, ಒಂದು ಹೆಜ್ಜೆ, ತಡೆದು ಇನ್ನೊಂದು. ಎಲ್ಲಿಂದ ಎಂದು ಸುತ್ತ ನೋಡಿದೆ. ಅದು ಅವರ ಉಸಿರು. ತಿಂಗಳುಗಳಿಂದ ಹಗಲೂ ರಾತ್ರಿ ಓಡಿದ ಆ ಏಸಿಯ ಮೊರೆತದ ಕೆಳಗೆ ಅದು ಹೀಗೆ ಸವೆಯುತ್ತಾ ಬಂದದ್ದು ಪಕ್ಕದಲ್ಲೇ ಮಲಗುತ್ತಿದ್ದ ನನಗೆ ಗೊತ್ತಾಗಿರಲಿಲ್ಲ. ಮಗಳೂ ಕೇಳಿಸಿಕೊಂಡಳು, ನನ್ನ ಮುಖ ನೋಡಿ, ನೋಡದವಳಂತೆ ಕಿಟಕಿಯ ಹತ್ತಿರ ಹೋಗಿ ನಿಂತಳು.

ಆ ವಾರ ಮುಗಿಯುವ ಮೊದಲು ಅವರು ಅಲ್ಲೇ, ಆ ಹಾಲ್‌ನಲ್ಲೇ ಹೋದರು. ಅಲ್ಲಿಯವರೆಗೆ ನಾವು ಏಸಿ ಹಾಕಲಿಲ್ಲ. ಸೆಕೆಗೆ ಬೆವರುತ್ತಾ, ಬೀಸಣಿಗೆಯಿಂದ ಅವರಿಗೆ ಗಾಳಿ ಹಾಕುತ್ತಾ ಕೂತಿರುತ್ತಿದ್ದೆ. ಹೊರಗೆ ಏನೇನು ಕಾಣುತ್ತಿದೆ ಎಂದು ಅವರು ಕೇಳುವರು. ಮಾವಿನ ಮರದಲ್ಲಿ ಮೈನಾ ಹಕ್ಕಿ, ಆಂಟಿ ಬಟ್ಟೆ ಒಣಗಿಸುತ್ತಿದ್ದಾರೆ, ಪೋಸ್ಟಿನವನು ಹೋದ ಎಂದು ಹೇಳುತ್ತಿದ್ದೆ. ಹೇಳುತ್ತಾ ಹೇಳುತ್ತಾ, ಮಾತಿನ ನಡುವೆ ನಿಲ್ಲಿಸಿ, ಅವರ ಉಸಿರಿನ ಮುಂದಿನ ಹೆಜ್ಜೆಯ ಸದ್ದು ಬರುವವರೆಗೆ ಕಾಯುತ್ತಿದ್ದೆ.